ಸೀಲು ಹಾಕಿದ ಹವಳಕ್ಕೆ ಎರಡು ಕೊಡ ನೀರು

ನನ್ನ ಅಂಗಡಿಯ ಬೀಗಕ್ಕೆ ಅರಗು ಒತ್ತಿ ಹೋದ ಮಾನ್ಯ ಅಧಿಕಾರಿಗಳೇ,

ಹನ್ನೊಂದು ದಿನಗಳಿಂದ ಯಮಕನಮರಡಿಯ ನನ್ನ ಅಂಗಡಿಯೊಳಗೆ ಇನ್ನೂರ ಹನ್ನೆರಡು ಜೀವಂತ ಹವಳಗಳು ನೀರಿಲ್ಲದೆ ಸಾಯುತ್ತಿವೆ. ದಿನಕ್ಕೆ ಎರಡು ಕೊಡ ನೀರು ಹಾಕಲು ಹತ್ತು ನಿಮಿಷ ಬಾಗಿಲು ತೆರೆಯಿರಿ ಎಂದು ಮೂರು ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ 'ನೋಡೋಣ' ಎಂಬ ಉತ್ತರ ಬಂತು. ಎರಡನೆಯದಕ್ಕೆ ಸಾಹೇಬರು ಮೀಟಿಂಗಿನಲ್ಲಿದ್ದರು. ಮೂರನೆಯದಕ್ಕೆ ಒಂದು ಷರತ್ತು ಬಂತು, ಅದರ ಮಾತು ಮುಂದೆ ಹೇಳುತ್ತೇನೆ. ನಾಲ್ಕನೆಯ ಅರ್ಜಿಯನ್ನು ನಿಮ್ಮ ಮೇಜಿನ ಮೇಲಿಟ್ಟು ಬರುವ ಉಮೇದು ನನಗಿಲ್ಲ. ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

"ಅಲ್ಲಬೇ, ಟ್ಯಾಂಕ ತುಂಬ ನೀರ ಐತಿ, ಮತ್ತೆಂಥಾ ನೀರ ಹಾಕತಿ?" ಎಂದು ನಿಮ್ಮ ಗುಮಾಸ್ತರು ನಕ್ಕರು. ನಗಲಿ. ಒಲೆಯ ಮೇಲೆ ಸಾರು ಇಟ್ಟು ಮರೆತವರಿಗೆಲ್ಲ ಗೊತ್ತಿರುವ ಸಂಗತಿ ಇದು: ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ನನ್ನ ಹವಳಗಳು ಸಮುದ್ರದ ಜೀವಗಳು. ಅಳತೆಯ ಉಪ್ಪು ಬೆರೆಸಿದ ನೀರಿನಲ್ಲಿ, ಟ್ರಂಕಿನಷ್ಟಿರುವ ಗಾಜಿನ ಟ್ಯಾಂಕುಗಳಲ್ಲಿ ಬದುಕುತ್ತವೆ. ಏಪ್ರಿಲ್ ತಿಂಗಳ ಬಿಸಿಲಿಗೆ, ಪತ್ರಾಸಿನ ತಗಡಿನ ಸೂರಿನ ಕೆಳಗೆ, ಆ ನೀರು ದಿನವೂ ಇಷ್ಟಿಷ್ಟು ಆರುತ್ತದೆ. ಆರಿದಷ್ಟು ಸಿಹಿನೀರನ್ನು ದಿನವೂ ತುಂಬಬೇಕು, ಇಲ್ಲವಾದರೆ ಉಪ್ಪು ಏರಿ ಅವು ಸುಟ್ಟಂತೆ ಸಾಯುತ್ತವೆ. ಆ ಸಿಹಿನೀರು ಯಾವುದೋ ಗಂಗಾಜಲವಲ್ಲ, ನಾಣ್ಯ ಹಾಕಿದರೆ ಬರುವ ಪಂಚಾಯಿತಿಯ ಶುದ್ಧ ನೀರಿನ ಘಟಕದ್ದು. ಒಂಬತ್ತು ವರ್ಷ ನಾನು ಒಂದು ದಿನವೂ ತಪ್ಪಿಸಿಲ್ಲ. ಹೆರಿಗೆಯ ದಿನ ಕೂಡ ಅತ್ತೆ ಗೌಸಬಿಯವರ ಕೈಗೆ ಕೊಡ ಕೊಟ್ಟೇ ಆಸ್ಪತ್ರೆಗೆ ಹೋದವಳು ನಾನು.

ನೀವು ಬಂದ ದಿನ ನೆನಪಿದೆಯೇ? ಸಮುದ್ರದಿಂದ ಕದ್ದ ಹವಳ ಮಾರುತ್ತಾಳೆಂದು ಯಾರೋ ದೂರು ಕೊಟ್ಟಿದ್ದರು, ಬಂದಿರಿ. ಬರುವುದು ನಿಮ್ಮ ಕೆಲಸ, ಅದಕ್ಕೆ ಬೇಜಾರಿಲ್ಲ. ಬಂದವರೇ ಪೆನ್ನಿನಿಂದ ಗಾಜಿನ ಮೇಲೆ ಟಕಟಕ ಬಡಿದಿರಿ. ಅರಳಿಕೊಂಡಿದ್ದ ಹವಳಗಳೆಲ್ಲ ಒಮ್ಮೆಲೇ ಮುದುಡಿದವು. "ಏ, ಇವು ಸತ್ತ ಹೋದ್ವಲ್ಲ?" ಎಂದು ಗಾಬರಿಯಾದಿರಿ.

"ಸತ್ತಿಲ್ರಿ ಸಾಹೇಬ್ರ, ನಿಮ್ಮನ್ನ ನೋಡಿ ಬಾಗಲಾ ಹಾಕ್ಕೊಂಡಾವ" ಎಂದೆ. ನೀವು ನಗುತ್ತೀರಿ ಎಂದುಕೊಂಡಿದ್ದೆ. ನೀವು ನಗಲಿಲ್ಲ.

ಪಕ್ಕದ ಚಹಾದಂಗಡಿಯ ಶೆಟ್ಟೆಪ್ಪನನ್ನು ಕರೆದು ಪಂಚನಾಗಿ ನಿಲ್ಲಿಸಿದಿರಿ. ಇದೇನು ಎಂದು ಕೇಳಿದಿರಿ. ಅವನು ಪಾಪ, ಕೈಯಲ್ಲಿ ಕಿಟ್ಲಿ ಹಿಡಿದುಕೊಂಡೇ ಇಣುಕಿ, "ಹೂವಿನ ಗಿಡಾ ಇರಬೇಕ್ರಿ" ಎಂದ. ಪಂಚನಾಮೆಯಲ್ಲಿ ಹಾಗೆಯೇ ಬಂತು: 'ಉಪ್ಪು ನೀರಿನಲ್ಲಿ ಇರಿಸಿದ ಹೂವಿನ ಗಿಡಗಳು, ಸಂಖ್ಯೆ ಇನ್ನೂರ ಹನ್ನೆರಡು.' ಸಿಗಡಿ, ಶಂಖದ ಹುಳು, ಸನ್ಯಾಸಿ ಏಡಿ ಇವಾವೂ ಲೆಕ್ಕಕ್ಕೆ ಬರಲಿಲ್ಲ. ಸರ್ಕಾರದ ಕಣ್ಣಿನಲ್ಲಿ ಅವು ಹುಟ್ಟಿಯೇ ಇಲ್ಲವಾದ್ದರಿಂದ ಸತ್ತರೂ ಯಾರಿಗೂ ತೊಂದರೆಯಿಲ್ಲ. ಹೋಗುವಾಗ ಕರೆಂಟು ಸುಮ್ಮನೆ ಉರಿಯಬಾರದೆಂದು ಫ್ಯಾನು ಆರಿಸಿದಿರಿ. ದೊಡ್ಡ ಮನಸ್ಸು. ಟ್ಯಾಂಕಿನ ನೀರು ತಿರುಗಿಸುವ ಪಂಪಿನ ಸ್ವಿಚ್ಚು ನಿಮಗೆ ಕಾಣಲಿಲ್ಲ, ಅದೊಂದು ನನ್ನ ಪುಣ್ಯ.

ನನ್ನದು ಎಲ್ಲ ಸರಿ, ನಾನು ಹಾಲಿನಲ್ಲಿ ತೊಳೆದವಳು ಎಂದು ಹೇಳುವುದಿಲ್ಲ. ಯಾವ ಹವಳ ಮಾರಬಹುದು, ಯಾವುದನ್ನು ಮಾರಬಾರದು, ಅದಕ್ಕೆ ಯಾವ ಕಾಗದ ಬೇಕು ಎಂದು ಕೇಳಿಕೊಂಡು ಒಂದು ಕಚೇರಿಗೆ ಹೋದೆ. ಇದು ಮೀನಲ್ಲ ಎಂದರು. ಇನ್ನೊಂದಕ್ಕೆ ಹೋದೆ, ಇದು ಬೆಳೆಯಲ್ಲ ಎಂದರು. ಕೊನೆಗೆ 'ಬಣ್ಣದ ಮೀನು ಹಾಗೂ ಇತರೆ' ಎಂದು ಪರವಾನಗಿ ಸಿಕ್ಕಿತು. ಒಂಬತ್ತು ವರ್ಷ ನಾವು ಆ 'ಇತರೆ'ಯ ಆಸರೆಯಲ್ಲಿ ಬದುಕಿದೆವು. ತಪ್ಪಾಗಿದ್ದರೆ ನ್ಯಾಯಾಧೀಶರು ಹೇಳಲಿ, ತಲೆಬಾಗಿ ದಂಡ ಕಟ್ಟುತ್ತೇನೆ. ಸಮುದ್ರದ ತಳ ಅಗೆದು ಹವಳ ಕೀಳುವವರನ್ನು ನೀವು ಹಿಡಿದರೆ ನಾನೇ ಬಂದು ಹಾರ ಹಾಕುತ್ತೇನೆ. ಆದರೆ ನನ್ನ ಹವಳ ಸಮುದ್ರ ಕಂಡಿಲ್ಲ ಸ್ವಾಮಿ. ನನ್ನ ಗಂಡ ಅಖ್ತರ ಗೋವಾದ ಹೋಟೆಲೊಂದರಲ್ಲಿ ಟ್ಯಾಂಕು ತೊಳೆಯುವ ಕೆಲಸದಲ್ಲಿದ್ದರು. ಹೋಟೆಲು ಮುಚ್ಚುವಾಗ ಮಾಲೀಕರು ಐದು ತಾಯಿ ಹವಳಗಳನ್ನು ಬಿಲ್ಲು ಬರೆದು ಕೊಟ್ಟರು. ಬಣ್ಣದ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದೆವು, ಕಂಡಕ್ಟರ್ ಡಬ್ಬಿಗೂ ಅರ್ಧ ಟಿಕೆಟು ಹರಿದ. ಇಂದಿರುವ ಅಷ್ಟೂ ಆ ಐದರ ಸಂತಾನ. ಆ ಬಿಲ್ಲನ್ನು ಏಳು ದಿನಗಳಲ್ಲಿ ಹಾಜರುಪಡಿಸಬೇಕೆಂದು ನಿಮ್ಮ ನೋಟೀಸು ಹೇಳುತ್ತದೆ. ಬಿಲ್ಲು ಎಲ್ಲಿದೆ ಗೊತ್ತೇ? ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ. ಅಂಗಡಿಯ ಬೀಗದ ಕೈ ಯಾರ ಬಳಿ ಇದೆ? ಈ ಪ್ರಶ್ನೆಯನ್ನು ಕೇಳಿದಾಗ ನಿಮ್ಮ ಗುಮಾಸ್ತರು ನಗುವುದನ್ನು ನಿಲ್ಲಿಸಿದರು, ಅಷ್ಟೇ ಆದದ್ದು.

ಇನ್ನೊಂದು ಮಾತು, ಸಿಟ್ಟು ಮಾಡಿಕೊಳ್ಳಬೇಡಿ. ನಮ್ಮ ಅಕ್ಕಸಾಲಿಗರ ಅಂಗಡಿಯಲ್ಲಿ ಹವಳ ತೂಗಿ ಮಾರುತ್ತಾರೆ. ನಮ್ಮ ಕಡೆಯ ಎಷ್ಟು ತಾಳಿಸರಗಳಲ್ಲಿ ಎರಡು ಹವಳದ ಮಣಿ ಇಲ್ಲ ಹೇಳಿ? ಸತ್ತ ಹವಳ ಕೊರಳಲ್ಲಿದ್ದರೆ ಮುತ್ತೈದೆತನ, ಬದುಕಿದ ಹವಳ ಗಾಜಿನಲ್ಲಿದ್ದರೆ ಜಪ್ತಿ!

ಈಗ ನಿಮ್ಮ ಷರತ್ತು. 'ಈಕೆ ಮೂರು ತಾಲ್ಲೂಕುಗಳಲ್ಲಿ ಜಾಲ ಹರಡಿದ್ದಾಳೆ' ಎಂದು ಬರೆದುಕೊಂಡಿದ್ದೀರಿ. ಆ ಜಾಲದವರ ಹೆಸರು, ಊರುಗಳ ಪೂರ್ಣ ಪಟ್ಟಿ ಕೊಟ್ಟರೆ ನೀರು ಹಾಕುವ ವಿಷಯ 'ಪರಿಶೀಲಿಸಲಾಗುವುದು' ಎಂದಿದ್ದೀರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಜಾಲವಲ್ಲ, ಅದು ಪಾಲು. ನೀವು ಈ ಕಡೆಯವರೇ ಆಗಿದ್ದರೆ ವಿವರಿಸುವ ಅಗತ್ಯವಿರುತ್ತಿರಲಿಲ್ಲ. ನಮ್ಮಲ್ಲಿ ಆಡು ಇದ್ದವರು ಆಡಿಲ್ಲದವರಿಗೆ ಪಾಲಿಗೆ ಕೊಡುತ್ತಾರೆ. ಸಾಕುವವರು ಮೇವು, ನೀರು ನೋಡಿಕೊಳ್ಳುತ್ತಾರೆ. ಮರಿ ಹುಟ್ಟಿದರೆ ಅರ್ಧ ಅವರಿಗೆ, ಅರ್ಧ ಒಡೆಯನಿಗೆ. ಆಡು ಸತ್ತರೆ ಮಾರಿಕೊಂಡಿಲ್ಲ ಎಂಬುದಕ್ಕೆ ಸಾಕಿದವರು ಚರ್ಮ ತಂದು ತೋರಿಸಬೇಕು. ಕಾಗದವಿಲ್ಲ, ಸಹಿಯಿಲ್ಲ, ಮಾತೇ ಎಲ್ಲ. ಹವಳ ಕೊಳ್ಳುವ ಶಕ್ತಿ ಇಲ್ಲದವರಿಗೆ ನಾನೂ ಹಾಗೆಯೇ ಕೊಟ್ಟೆ. ತಾಯಿಯ ಒಂದು ಚೂರನ್ನು ರೂಪಾಯಿಯಗಲದ ಸಿಮೆಂಟಿನ ಬಿಲ್ಲೆಗೆ ಅಂಟಿಸಿ ಕೊಡುತ್ತೇನೆ. ಅದು ಬೆಳೆದು ಎರಡಾದಾಗ ಅಖ್ತರ ಬೈಕಿನಲ್ಲಿ ಹೋಗಿ ಕತ್ತರಿಸಿ ಅರ್ಧ ತರುತ್ತಾರೆ. ಸತ್ತರೆ ಬರಿದಾದ ಬಿಲ್ಲೆ ತಂದು ತೋರಿಸಬೇಕು, ಅದೇ ಚರ್ಮ. ಹುಕ್ಕೇರಿಯ ಮಾಸ್ತರರೊಬ್ಬರು ಮೂರು ಬಿಲ್ಲೆಗಳನ್ನು ಕರವಸ್ತ್ರದಲ್ಲಿ ಸುತ್ತಿ ತಂದು, "ನಂದ ತಪ್ಪವಾ, ದೀಪಾವಳಿಗೆ ಊರಿಗೆ ಹೋಗಿದ್ದೆ" ಎಂದು ತಲೆ ತಗ್ಗಿಸಿ ನಿಂತಿದ್ದರು. ಇದು ನಿಮ್ಮ ಜಾಲ.

ನಿಮ್ಮ ಜೀಪು ಬಂದು ಹೋದ ಸುದ್ದಿ ಹರಡಿತು ನೋಡಿ, ಜನ ಹೆದರಿದರು. ಮೂಡಲಗಿಯ ಒಬ್ಬರು ಫೋನು ಮಾಡಿ, "ಅಕ್ಕಾ, ಚಿಂತಿ ಮಾಡಬ್ಯಾಡ್ರಿ. ಎಲ್ಲಾ ಕೆನಾಲಿಗೆ ಬಿಟ್ಟ ಬಂದೇನಿ. ಹರಿಯೂ ನೀರಾಗ ಆರಾಮ ಇರ್ತಾವ" ಎಂದರು. ಉಪಕಾರ ಮಾಡಿದೆನೆಂಬ ಸಮಾಧಾನ ಅವರ ದನಿಯಲ್ಲಿತ್ತು. ಕಾಲುವೆಯ ಸಿಹಿನೀರಿಗೆ ಬಿದ್ದ ಹವಳ ಎಷ್ಟು ಹೊತ್ತು ಬದುಕೀತು ಎಂದು ನಾನು ಹೇಳಲಿಲ್ಲ. "ಛಲೋ ಆತ್ರಿ" ಎಂದು ಫೋನಿಟ್ಟು ಅತ್ತೆ. ಬರೆಯಲು ನಾಚಿಕೆಯಿಲ್ಲ, ಈ ಹನ್ನೊಂದು ದಿನಗಳಲ್ಲಿ ನಾನು ಅಳದ ದಿನವಿಲ್ಲ.

ಈಗ ಹೇಳಿ, ಇವರ ಹೆಸರುಗಳನ್ನು ನಾನು ಹೇಗೆ ಕೊಡಲಿ? ಕೊಟ್ಟರೆ ನಿಮ್ಮ ಜೀಪು ಅವರ ಬಾಗಿಲಿಗೆ ಹೋಗುತ್ತದೆ. ಕೊಡದಿದ್ದರೆ ನನ್ನ ಬಾಗಿಲೊಳಗಿನವು ಸಾಯುತ್ತವೆ. ಮೊನ್ನೆ ಒಂದು ಗಳಿಗೆ ಪೆನ್ನು ಹಿಡಿದು ಕುಳಿತದ್ದೂ ನಿಜ. ಅಖ್ತರ ನೋಡಿದರು, ಎದ್ದು ಹೊರಗೆ ಹೋದರು. ಕಾಗದ ಹರಿದು ಹಾಕಿದೆ.

ಮರುದಿನ ಬೆಳಿಗ್ಗೆ ಸತ್ತೆವ್ವ ಬಂದಳು. ಗೋಕಾಕ ತಾಲ್ಲೂಕಿನ ಮಮದಾಪುರದಾಕೆ, ಕಬ್ಬಿನ ಗದ್ದೆಯಲ್ಲಿ ಕೂಲಿ. ಗಂಡ ಲಗಮಪ್ಪನಿಗೆ ಲಕ್ವಾ ಹೊಡೆದು ಮೂರು ವರ್ಷವಾಯಿತು. ಟೀವಿ ನೋಡಿದರೆ ತಲೆ ತಿರುಗುತ್ತದೆ ಎನ್ನುತ್ತಾನಂತೆ. ಅವನ ಹಾಸಿಗೆಯ ಬಾಜೂಕ್ಕೆ ನನ್ನ ಪುಟ್ಟ ಟ್ಯಾಂಕಿದೆ. ಒಂದು ಹಸಿರು ಅಣಬೆ ಹವಳ, ಒಂದು ಸಿಗಡಿ. ದಿನವಿಡೀ ಅದನ್ನೇ ನೋಡುತ್ತಾನೆ, ಸಿಗಡಿ ಕಲ್ಲಿನ ಹಿಂದೆ ಹೋದರೆ ಹೆಂಡತಿಯನ್ನು ಕೂಗುತ್ತಾನೆ. ಸತ್ತೆವ್ವ ಎರಡು ಬಸ್ಸು ಬದಲಿಸಿ, ಹಾಲಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಮುಚ್ಚಳ ತೆಗೆದಳು. ಒಳಗೆ ಒಂದು ಬಿಲ್ಲೆ, ಮೇಲೆ ಹಸಿರು ಹವಳ.

"ಇದ ನನ್ನ ಪಾಲಿಂದ. ತಗೋ ಯವ್ವಾ" ಎಂದಳು. "ನಿನ್ನ ತಾಯಿ ಹವಳ ಹೋದ್ರೂ ತಳಿ ಉಳೀಲಿ."

ತೆಗೆದುಕೊಳ್ಳಲು ಕೈ ಚಾಚಿದೆ. ಆಮೇಲೆ ನೆನಪಾಯಿತು, ಇಡಲು ನನ್ನ ಬಳಿ ಒಂದು ಟ್ಯಾಂಕೂ ಇಲ್ಲ.

ಅವಳು ಸುಮ್ಮನಾಗಲಿಲ್ಲ. ನನ್ನ ಕೈ ಹಿಡಿದು ನಿಮ್ಮ ಕಚೇರಿಗೆ ಎಳೆದುಕೊಂಡು ಬಂದಳು. ನೀವು ಇರಲಿಲ್ಲ, ಆದ್ದರಿಂದ ಅವಳ ಮಾತನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ. ಕ್ಯಾನನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಹೇಳಿದಳು: "ಹೆಸರ ಬೇಕಂದೀರಂತ. ಬರಕೋರಿ, ಸತ್ತೆವ್ವ, ಮಮದಾಪುರ. ಪಾಲಿಗಿ ತಗೊಂಡೇನಿ, ತುಡುಗ ಮಾಡಿಲ್ಲ. ಮತ್ತ ಒಂದ ಮಾತ ಹೇಳ್ತೇನಿ ಕೇಳ್ರಿ. ಹೊಲಾ ಮೇದ ತುಡುಗ ದನಾ ಹಿಡದ ಕೊಂಡವಾಡ್ಯಾಗ ಹಾಕ್ತಾರಲ್ಲ, ಅದಕ್ಕೂ ನೀರ ಕುಡಸ್ತಾರ್ರಿ. ದಂಡಾ ಆಮ್ಯಾಗ, ನೀರ ಮೊದಲ. ಬಾಯಿ ಒಣಗಿಸಿ ಕೊಲ್ಲೂದು ಯಾ ಕಾಯ್ದೇದಾಗ ಐತಿ?"

ಗುಮಾಸ್ತರು ಪೆನ್ನು ಎತ್ತಲಿಲ್ಲ. ಒಂದು ಹೆಸರು ಸಾಲದಂತೆ, ಪೂರ್ಣ ಪಟ್ಟಿಯೇ ಬೇಕಂತೆ. ಸತ್ತೆವ್ವ ಕ್ಯಾನು ಎತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸು ಹೋದಳು. ಅವಳ ಆ ದಿನದ ಕೂಲಿಯೂ ಹೋಯಿತು.

ಈ ಪತ್ರ ಬರೆಯುವ ಮುಂಚೆ ಶೆಟ್ಟೆಪ್ಪ ಕರೆದ. ಅವನ ಅಂಗಡಿಗೂ ನನ್ನದಕ್ಕೂ ನಡುವೆ ಒಂದೇ ಗೋಡೆ. "ಅಕ್ಕಾರ, ನಿಮ್ಮ ಪಂಪ ನಿನ್ನಿಯಿಂದ ಗೊರಗೊರ ಅನ್ನಾಕತ್ತೈತ್ರಿ" ಎಂದ. ಹೂವಿನ ಗಿಡ ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ ಅವನು ನನ್ನ ಮುಖ ನೋಡಿ ಮಾತಾಡಿ ಹನ್ನೊಂದು ದಿನವಾಗಿತ್ತು. ಅವನ ಮಾಳಿಗೆ ಹತ್ತಿ ನನ್ನ ಅಂಗಡಿಯ ಬೆಳಕಿಂಡಿಯಿಂದ ಇಣುಕಿದೆ. ಟ್ಯಾಂಕಿನ ಗಾಜಿಗೆ ನಾನು ಅಂಟಿಸಿದ್ದ ಕೆಂಪು ಪಟ್ಟಿಗಿಂತ ನೀರು ನಾಲ್ಕು ಬೆರಳು ಕೆಳಗಿಳಿದಿದೆ. ಪಂಪು ನೀರಿನ ಜೊತೆ ಗಾಳಿ ನುಂಗುತ್ತಿದೆ. ಎರಡು ದಿನ, ಹೆಚ್ಚೆಂದರೆ ಮೂರು ದಿನ, ಆಮೇಲೆ ಅದು ಸುಡುತ್ತದೆ. ಮೇಲಿನ ಸಾಲಿನವು ಆಗಲೇ ಬೆಳ್ಳಗಾಗಿವೆ. ಐದು ತಾಯಿ ಹವಳಗಳಲ್ಲಿ ಸತ್ತೆವ್ವನ ಚೂರಿನ ತಾಯಿ ಮೂಲೆಯಲ್ಲಿದೆ, ಅರಳಿರಲಿಲ್ಲ, ಆದರೆ ಹಸಿರಿತ್ತು. ಖರೆ ಹೇಳುತ್ತೇನೆ, ಹಸಿರಿತ್ತು. ಬೆಳಕಿಂಡಿಯಿಂದ ರಬ್ಬರ್ ಪೈಪು ಇಳಿಸಿ ನೀರು ಬಿಡಲು ಎಷ್ಟು ಹೊತ್ತು? ಆದರೆ ಸೀಲಾದ ಜಾಗಕ್ಕೆ ಒಂದು ತೊಟ್ಟು ನೀರು ಹೋದರೂ ಸಾಕ್ಷ್ಯ ಕೆಡಿಸಿದ ಕೇಸು ಹಾಕುತ್ತೇವೆ ಎಂದಿದ್ದೀರಿ, ಅದರಲ್ಲಿ ಶೆಟ್ಟೆಪ್ಪನ ಹೆಸರೂ ಬರುತ್ತದೆ. ಸಾಕ್ಷ್ಯ ಸತ್ತರೆ ಅದು ಕೆಟ್ಟಂತಲ್ಲವೇ?

ನನ್ನ ಬೇಡಿಕೆ ಇಷ್ಟೇ. ನಾಳೆ ಬೆಳಿಗ್ಗೆ ಬಂದು ಬೀಗ ತೆಗೆಯಿರಿ. ನಾನು ಒಳಗೆ ಕಾಲಿಡುವುದು ಬೇಡವಾದರೆ ಇಡುವುದಿಲ್ಲ. ಕೊಡ ತುಂಬಿ ಹೊಸ್ತಿಲ ಹೊರಗೆ ಇಡುತ್ತೇನೆ, ನಿಮ್ಮ ಸಿಬ್ಬಂದಿಯೇ ಕೆಂಪು ಪಟ್ಟಿಯವರೆಗೆ ಸುರಿಯಲಿ. ವಿಡಿಯೋ ಮಾಡಿಕೊಳ್ಳಿ. ಮತ್ತೆ ಅರಗು ಒತ್ತಿ. ಕೋರ್ಟು ಹೇಳುವ ದಿನದವರೆಗೆ ದಿನಕ್ಕೆ ಎರಡು ಕೊಡ, ಅಷ್ಟೇ.

ಅದೂ ಆಗುವುದಿಲ್ಲ ಎಂದಾದರೆ ಒಂದು ಮಾತು ತಿಳಿದಿರಲಿ. ನನ್ನ ಹವಳ ಈಗ ನಿಮ್ಮ ಬೀಗದೊಳಗಿದೆ. ನೀವು ಒಪ್ಪಿದರೂ ಒಪ್ಪದಿದ್ದರೂ ಈಗ ಅದನ್ನು ಸಾಕುವ ಪಾಲುದಾರರು ನೀವೇ. ನಮ್ಮ ಕಡೆಯ ರೂಢಿ ಹೇಳಿದ್ದೇನೆ. ಅವು ಸತ್ತ ದಿನ ಇನ್ನೂರ ಹನ್ನೆರಡು ಬಿಲ್ಲೆಗಳನ್ನು ನೀವೇ ಎಣಿಸಿ, ನಿಮ್ಮ ಕೈಯಿಂದಲೇ ತಂದು ನನಗೆ ತೋರಿಸಬೇಕು. ಹುಕ್ಕೇರಿಯ ಮಾಸ್ತರರು ಮೂರು ಬಿಲ್ಲೆಗೆ ತಲೆ ತಗ್ಗಿಸಿದ್ದರು.

ಇಂತಿ,
ತುಂಬಿದ ಕೊಡ ಹಿಡಿದು ಸ್ವಂತ ಅಂಗಡಿಯ ಹೊರಗೆ ನಿಂತಿರುವ,
ಸಮ್ರೀನ ಅಖ್ತರ,
'ಬಣ್ಣದ ಮೀನು ಹಾಗೂ ಇತರೆ', ಯಮಕನಮರಡಿ

ಲಗತ್ತು: ತಾವು ಕೇಳಿದ ಹೆಸರುಗಳ ಪೂರ್ಣ ಪಟ್ಟಿ.
೧. ಸತ್ತೆವ್ವ, ಮಮದಾಪುರ. (ಅವಳೇ ಬರೆಯಲು ಹೇಳಿದ್ದು.)
ಪಟ್ಟಿ ಇಲ್ಲಿಗೆ ಮುಗಿಯಿತು.