ನಮ್ಮ ‘ರೀ’ಯನ್ನು ಎಲ್ಲಿ ಕತ್ತರಿಸಿ ಎಸೆದಿರಿ?

ಮಾನ್ಯ ಕಾರ್ಯಕ್ರಮ ಮುಖ್ಯಸ್ಥರೇ,

ನಿಮ್ಮ ವಾಹಿನಿಯ ಒಂದು ಧಾರಾವಾಹಿಯಿಂದಾಗಿ ನನ್ನ ಮಗನ ನಿಶ್ಚಿತಾರ್ಥ ನಿಂತುಹೋಗಿದೆ. ಗಾಬರಿಯಾಗಬೇಡಿ, ನಾನು ಕೋರ್ಟು ಕಚೇರಿ ಎಂದು ಅಲೆಯುವವಳಲ್ಲ. ಪುಣೆಯ ಸದಾಶಿವ ಪೇಠದಲ್ಲಿ ಸೀರೆಗೆ ಹೊಂದುವ ರವಿಕೆ ಬಟ್ಟೆ ಮಾರುವ ಪುಟ್ಟ ಅಂಗಡಿಯವಳು. ಹೆಂಗಸರು ಅಮ್ಮನ ಕಾಲದ ಸೀರೆ ತಂದು ನನ್ನ ಮುಂದೆ ಹರವುತ್ತಾರೆ, ನಾನು ಅದಕ್ಕೊಪ್ಪುವ ಬಣ್ಣ ಹುಡುಕಿ ಕೊಡುತ್ತೇನೆ. ಹಳೆಯದಕ್ಕೆ ಹೊಸದನ್ನು ಹೊಂದಿಸುವುದು ಎಷ್ಟು ನಾಜೂಕಿನ ಕೆಲಸ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಆ ಹಳೆಯ ಪ್ರೇಮಹಾಸ್ಯದ ಚಿತ್ರವನ್ನು ನೀವು ಧಾರಾವಾಹಿ ಮಾಡುತ್ತಿದ್ದೀರಿ ಎಂದು ಕೇಳಿದಾಗ, ಪಾಪ, ಒಳ್ಳೆಯದಾಗಲಿ ಎಂದುಕೊಂಡಿದ್ದೆ. ಚಿತ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಧಾರಾವಾಹಿಗೂ ಅದೇ ಹೆಸರಿಟ್ಟಿದ್ದೀರಿ, ಬರೆದರೆ ನಿಮಗೆ ಪುಕ್ಕಟೆ ಜಾಹೀರಾತು ಕೊಟ್ಟಂತಾಗುತ್ತದೆ.

ನಿಮ್ಮ ಬರಹಗಾರರು ಮೂಲ ಚಿತ್ರವನ್ನು ನೋಡಿದ್ದಾರೆಯೇ ಎಂಬ ಅನುಮಾನ ನನಗಿರುವುದರಿಂದ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. ವಿಜಾಪುರದ ಹುಡುಗಿಯೊಬ್ಬಳು ಬ್ಯಾಂಕ್ ಗುಮಾಸ್ತೆಯಾಗಿ ಮೈಸೂರಿಗೆ ಬರುತ್ತಾಳೆ. ಮನೆ ಮಾಲೀಕರ ಮಗನನ್ನು ಕಂಡು, “ಬರ್ರೀ, ಕೂಡ್ರೀ, ಯಾಕ್ರೀ ಹಿಂಗ ಸೊರಗೀರಿ?” ಎನ್ನುತ್ತಾಳೆ. ಆ ಹುಡುಗ ಅಷ್ಟು ಉದ್ದದ ‘ರೀ’ ಕೇಳಿದ್ದು ತನ್ನ ತಾಯಿ ತಂದೆಯನ್ನು ಕರೆಯುವಾಗ ಮಾತ್ರ. ಹುಡುಗಿ ಮನಸ್ಸಿನಲ್ಲೇ ತನ್ನ ಹೆಂಡತಿಯಾಗಿಬಿಟ್ಟಿದ್ದಾಳೆ ಎಂದು ನಂಬಿ ಅವನು ಹೊಸ ಅಂಗಿ ಹೊಲಿಸುತ್ತಾನೆ, ಜಾತಕ ತೆಗೆಸುತ್ತಾನೆ. ಒಂದು ಬೆಳಿಗ್ಗೆ ಅವಳು ಹಾಲಿನವನಿಗೂ “ಬರ್ರೀ” ಎನ್ನುವುದನ್ನು ಕೇಳಿ ಅವನ ಎದೆ ಧಸಕ್ಕೆನ್ನುತ್ತದೆ. ಕೊನೆಯಲ್ಲಿ ಧೈರ್ಯ ಮಾಡಿ, “ನನಗೂ ಹಾಲಿನವನಿಗೂ ವ್ಯತ್ಯಾಸವೇ ಇಲ್ಲವಾ?” ಎಂದು ಕೇಳುತ್ತಾನೆ. ಅವಳು ಸೆರಗಿನ ತುದಿ ತಿರುವುತ್ತಾ, “ಹಾಲಿನವ್ರಿಗೆ ಬರ್ರಿ ಅಂತೀನಿ, ಹೋಗ್ರಿನೂ ಅಂತೀನಿ. ನಿಮಗ ಇಷ್ಟ ದಿನದಾಗ ಒಮ್ಮಿಯಾದ್ರೂ ಹೋಗ್ರಿ ಅಂದೀನೇನ್ರಿ?” ಎನ್ನುತ್ತಾಳೆ. ನಮ್ಮ ಪುಣೆಯ ಕನ್ನಡಿಗರು ಭಾನುವಾರದ ಸಿನೆಮಾ ಆಟಕ್ಕೆ ಸೇರಿದಾಗ ಈ ಮಾತಿಗೆ ಕುರ್ಚಿ ಬಡಿದು ನಗುತ್ತಿದ್ದರು. ನಕ್ಕು ಮುಗಿಸಿದ ಮೇಲೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಂಥ ಕಥೆಗೆ ನೀವು ಮಾಡಿದ್ದೇನು? ವಿಜಾಪುರದ ಹುಡುಗಿಯನ್ನು ಬೆಂಗಳೂರಿನ ಹದಿನಾಲ್ಕನೇ ಮಹಡಿಗೆ ಹತ್ತಿಸಿದಿರಿ. ಅವಳ ಬಾಯಿಂದ ‘ರೀ’ ಕಿತ್ತು ಅಲ್ಲಿ ‘ಬ್ರೋ’ ಇಟ್ಟಿರಿ. ತಪ್ಪು ತಿಳಿವಳಿಕೆಗೆ ಏನಾದರೂ ಬೇಕಲ್ಲ, ಯಾರಿಗೋ ಕಳಿಸಬೇಕಾದ ಮೊಬೈಲ್ ಸಂದೇಶ ಇನ್ಯಾರಿಗೋ ಹೋಯಿತು. ಹಾಲಿನವನ ಜಾಗಕ್ಕೆ ವಿಷ ಬೆರೆಸುವ ಚಿಕ್ಕಮ್ಮ ಬಂದಳು. ಹಾಲು ಹೇಗೂ ಪ್ಯಾಕೆಟ್ಟಿನಲ್ಲಿ ಬರುತ್ತದೆ, ನಿಜ, ಆದರೆ ನಗು ಎಲ್ಲಿಂದ ಬರಬೇಕು ಸ್ವಾಮಿ? ಪತ್ರಿಕಾಗೋಷ್ಠಿಯಲ್ಲಿ ನಿಮ್ಮವರು, “ಆ ಭಾಷೆ ಇಂದಿನ ವೀಕ್ಷಕರಿಗೆ ಅರ್ಥವಾಗುವುದಿಲ್ಲ” ಎಂದು ಅಪ್ಪಣೆ ಕೊಡಿಸಿದರು. ಆ ಭಾಷೆ ಅರ್ಥವಾಗದೆ ಹೋದದ್ದೇ ಆ ಚಿತ್ರದ ಕಥೆಯಲ್ಲವೇ? ನಾಯಕನಿಗೇ ಅರ್ಥವಾಗದ್ದು ವೀಕ್ಷಕರಿಗೆ ಮೊದಲೇ ಅರ್ಥವಾಗಲಿ ಎಂದು ಯಾರು ನಿಮ್ಮನ್ನು ಕೇಳಿಕೊಂಡರು?

ಇರಲಿ, ಬಣ್ಣ ಹೊಂದಲಿಲ್ಲ ಎಂದು ಸುಮ್ಮನಾಗುತ್ತಿದ್ದೆ. ಆದರೆ ವಿಷಯ ನನ್ನ ಮನೆ ಬಾಗಿಲಿಗೇ ಬಂತು. ನನ್ನ ಮಗ ಸಂಜು ಚಿಂಚವಾಡದ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿಯೇ ಲೆಕ್ಕಪತ್ರ ವಿಭಾಗದಲ್ಲಿರುವ ಇಂದಾಪುರದ ಮರಾಠಿ ಹುಡುಗಿ ಮಾಧುರಿಯನ್ನು ಮೆಚ್ಚಿದ್ದಾನೆ. ನಮಗೂ ಮೆಚ್ಚುಗೆಯೇ. ನಾವೂ ಮೂಲತಃ ವಿಜಾಪುರದ ಕಡೆಯವರೇ, ಮನೆಯಲ್ಲಿ ಕೊನೆಯ ಮಾತು ಮಾತ್ರ ನಮ್ಮ ಅತ್ತೆ ಕಲ್ಲವ್ವನವರದು. ಅವರು ಕೇಳಿದ್ದು ದೊಡ್ಡದೇನಲ್ಲ. “ಮರಾಠಿ ಹುಡಿಗಿ ಆದ್ರ ಏನಾತು, ನನ್ನ ಕೂಡ ಕನ್ನಡದಾಗ ನಾಕ ಮಾತ ಆಡ್ಲಿ ಸಾಕು,” ಎಂದರು. ಮಾಧುರಿ ಜಾಣೆ. ಸಂಜುವಿಗೂ ಹೇಳದೆ ಕನ್ನಡ ಕಲಿಯತೊಡಗಿದಳು. ಯಾರಿಂದ ಗೊತ್ತೇ? ನಿಮ್ಮ ನಾಯಕಿಯಿಂದ.

ಅತ್ತೆಯವರಿಗೆ ಪ್ರಯಾಣ ಆಗದ್ದರಿಂದ ಹೆಣ್ಣು ನೋಡುವ ಶಾಸ್ತ್ರಕ್ಕೆ ಅವಳೇ ಹೆತ್ತವರೊಡನೆ ನಮ್ಮ ಮನೆಗೆ ಬಂದಳು. ಅತ್ತೆಯವರು ಇಳಕಲ್ ಸೀರೆ ಉಟ್ಟು, ಎದ್ದು ನಿಂತು ಸ್ವಾಗತಿಸಿದರು. ಮಾಧುರಿ ಪಾದ ಮುಟ್ಟಿ ನಮಸ್ಕರಿಸಿ, ಮುಖ ಅರಳಿಸಿ, ತಪ್ಪಿಲ್ಲದ ಬೆಂಗಳೂರು ಕನ್ನಡದಲ್ಲಿ ಹೇಳಿದಳು: “ಏನಜ್ಜಿ, ಚೆನ್ನಾಗಿದೀಯಾ? ಕೂತ್ಕೋ, ಟೆನ್ಷನ್ ತಗೋಬೇಡ.” ಸಂಜುವಿಗೆ ಚಹಾ ನೆತ್ತಿಗೇರಿತು. ಅತ್ತೆಯವರು ನನ್ನತ್ತ ತಿರುಗಿ, “ರಂಜನಾ, ಈಕಿ ಯಾರಿಗೆ ಅಂದ್ಳು?” ಎಂದರು. ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸರಿಪಡಿಸುತ್ತಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು, ನಿಮ್ಮ ನಾಯಕಿ ಪ್ರತಿ ಕಂತಿನ ಕೊನೆಗೆ ಹೇಳುವಂತೆ, “ಸರಿ, ನಾನು ಹೋಗ್ತೀನಿ,” ಎಂದಳು. ನಮ್ಮಲ್ಲಿ ಓಣಿಯ ತುದಿಗೆ ಹೋಗುವವರೂ “ಬರ್ತೀನ್ರಿ” ಎನ್ನುತ್ತಾರೆ. ಹೋಗ್ತೀನಿ ಎಂದರೆ ಮತ್ತೆ ಬರುವುದಿಲ್ಲ ಎಂದೇ ಅರ್ಥ. ರಿಕ್ಷಾ ತಿರುವು ದಾಟುವುದರೊಳಗೆ ಅತ್ತೆಯವರ ತೀರ್ಪು ಹೊರಬಿತ್ತು: “ಹೋಗ್ತೀನಿ ಅಂತ ಆಕೀನ ಅಂದಾಳ. ಹೋಗ್ಲಿ.”

ತಪ್ಪು ಹುಡುಗಿಯದಲ್ಲ, ಟಿವಿಯದು ಎಂದು ಅತ್ತೆಯವರಿಗೆ ತಿಳಿಹೇಳಿದೆ. ಹಳೆಯ ಚಿತ್ರವನ್ನೇ ಅವಳಿಗೆ ತೋರಿಸಿ ನಮ್ಮ ಮಾತು ಕಲಿಸೋಣ ಎಂದು ಹುಡುಕಿದರೆ ಎಲ್ಲಿಯೂ ಇಲ್ಲ. ಅಂತರ್ಜಾಲದಿಂದಲೂ ಮಾಯ. ನಿಮ್ಮ ಕಚೇರಿಗೆ ಫೋನು ಮಾಡಿದೆ. “ಹಕ್ಕು ನಮ್ಮದು ಮೇಡಂ. ಸೀರಿಯಲ್ ಮುಗಿಯೋವರೆಗೂ ಹಳೇದನ್ನ ಎಲ್ಲೂ ಬಿಡಲ್ಲ. ಜನ ಹೋಲಿಸಿ ನೋಡ್ತಾರಲ್ಲ,” ಎಂದರು ಒಬ್ಬ ಸಭ್ಯರು. ಅವರ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಹೋಲಿಸಿದರೆ ಸೋಲುತ್ತೇವೆ ಎಂದು ಗೊತ್ತಿರುವವರು ಆ ಹೆಸರಿಗೇ ಯಾಕೆ ಕೈ ಹಾಕಿದಿರಿ?

ಕಳೆದ ಭಾನುವಾರ ಮಾಧುರಿ ಒಬ್ಬಳೇ ಬಂದಳು. ನೇರವಾಗಿ ಅತ್ತೆಯವರ ಮುಂದೆ ಕುಳಿತು, ಈ ಸಲ ಮರಾಠಿಯಲ್ಲಿ ಹೇಳಿದಳು. ತಮ್ಮ ಮನೆಯಲ್ಲಿ ಅವ್ವನಿಗೂ ಅಜ್ಜಿಗೂ ‘ತೂ’ ಅನ್ನುವುದೇ ರೂಢಿ, ‘ನೀವು’ ಎನ್ನುವುದು ಹೊರಗಿನವರಿಗೆ. ಟಿವಿಯಲ್ಲಿ ಅಜ್ಜಿಗೆ ‘ನೀನು’ ಅನ್ನುವುದನ್ನು ಕೇಳಿದಾಗ, ಕನ್ನಡದಲ್ಲೂ ನಮ್ಮ ಹಾಗೆಯೇ ಇದೆಯಲ್ಲ ಎಂದು ಸಂತೋಷವಾಗಿತ್ತಂತೆ. “ಆಜಿ, ನಿನ್ನನ್ನು ಹೊರಗಿನವಳು ಅಂದುಕೊಳ್ಳಲಿಕ್ಕೆ ನನಗೆ ಮನಸ್ಸಾಗಲಿಲ್ಲ,” ಎಂದಳು.

ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, “ನನಗ ‘ನೀ’ ಅನ್ನಾಕಿ ನಮ್ಮ ಅಕ್ಕ ಒಬ್ಬಾಕಿ ಇದ್ಲು. ಆಕಿ ಹೋದ ಮ್ಯಾಲೆ ಯಾರೂ ಅಂದಿಲ್ಲ,” ಎಂದರು. ಮದುವೆಯಾದ ದಿನದಿಂದ ಅವರಿಗೆ ‘ರೀ’ ಎನ್ನುತ್ತಾ ಬಂದವಳು ನಾನು. ಅದು ಗೌರವ, ಅದನ್ನು ಬಿಡಲಾರೆ. ಅತ್ತೆಯವರು ಹುಡುಗಿಯ ಕೈ ಹಿಡಿದು, “ನೀ ಅನ್ನು. ಹೋಗ್ತೀನಿ ಅಂತ ಮಾತ್ರ ಅನಬ್ಯಾಡ,” ಎಂದರು. ಮಾನ್ಯರೇ, ಇದರಲ್ಲಿ ನಿಮ್ಮ ಪುಣ್ಯವೇನೂ ಇಲ್ಲ. ಊರಿಗೆಲ್ಲ ‘ರೀ’ ಎನ್ನುವ ಮನೆಯಲ್ಲಿ ಒಂದು ‘ನೀ’ಗೆ ಕಣ್ಣು ತುಂಬುತ್ತದೆ. ಎಲ್ಲರಿಗೂ ‘ಬ್ರೋ’ ಎನ್ನುವ ನಿಮ್ಮ ಹದಿನಾಲ್ಕನೇ ಮಹಡಿಯಲ್ಲಿ ಯಾರನ್ನು ಏನೆಂದು ಕರೆದರೆ ಯಾರ ಕಣ್ಣು ತುಂಬೀತು?

ಅತ್ತೆಯವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. “ಆ ಹಳೇ ಸಿನೆಮಾ ನಾವಿಬ್ರೂ ಕೂಡಿ ನೋಡೂಣು. ಭಾಳ ನಗಸ್ತದ. ಆಮ್ಯಾಲೆ ಸಾಖರಪುಡಾ,” ಎಂದರು. ಸಾಖರಪುಡಾ ಎಂದರೆ ನಿಶ್ಚಿತಾರ್ಥ. ಎಂಬತ್ತು ದಾಟಿದ ಜೀವ. ಮೊಮ್ಮಗನ ಹೆಂಡತಿಯಾಗುವವಳ ಪಕ್ಕ ಕುಳಿತು ಒಮ್ಮೆ ಮನಸಾರೆ ನಗಬೇಕೆಂದಿದೆ. ಆ ನಗು ಈಗ ನಿಮ್ಮ ಬೀರುವಿನಲ್ಲಿ ಬೀಗ ಹಾಕಿಕೊಂಡು ಕುಳಿತಿದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ನಿಮ್ಮ ಧಾರಾವಾಹಿ ಮುಗಿಯುವವರೆಗೆ ಕಾಯಲಾರೆವು. ಅದು ಮುಗಿಯುವ ಲಕ್ಷಣವೂ ಇಲ್ಲ, ಮೊನ್ನೆಯಷ್ಟೇ ಚಿಕ್ಕಮ್ಮನಿಗೆ ಅವಳಿ ತಂಗಿ ಬಂದಿದ್ದಾಳೆ. ಬರುವ ಯಾವುದಾದರೂ ಭಾನುವಾರ ಮಧ್ಯಾಹ್ನ ಆ ಹಳೆಯ ಚಿತ್ರವನ್ನು, ಒಂದು ‘ರೀ’ಯನ್ನೂ ಕತ್ತರಿಸದೆ, ಪ್ರಸಾರ ಮಾಡಿ. ಬೇಗ ಮಾಡಿ. ಚಿತ್ರ ಎಲ್ಲಿಯೂ ಸಿಗುತ್ತಿಲ್ಲ ಎಂದು ತಿಳಿದಾಗಿನಿಂದ ನಮ್ಮ ಅತ್ತೆಯವರು ನಿಮ್ಮನ್ನೂ ಏಕವಚನದಲ್ಲಿಯೇ ಕರೆಯುತ್ತಿದ್ದಾರೆ. ಅದು ಮಾಧುರಿಯ ಅರ್ಥದಲ್ಲಲ್ಲ.

ಇಂತಿ,
ಬೈಯುತ್ತಲೇ ನಿಮ್ಮ ಒಂದು ಕಂತನ್ನೂ ತಪ್ಪಿಸದ,
ರಂಜನಾ
ಸದಾಶಿವ ಪೇಠ, ಪುಣೆ