ಒಂದು ನಿಮಿಷ ಮೀರಿದ ಮೇಲೆ

ಭಾನುವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಮನೆಯವರು, ಮಕ್ಕಳು ಆರಾಮಾಗಿದ್ದಾರೆ. ನನ್ನ ಬಗ್ಗೆ ಆ ಮಾತು ಬರೆಯಲು ಕೈ ಬರುತ್ತಿಲ್ಲ. ನಿನ್ನ ಕಾಗದ ಬಂದು ತಿಂಗಳಾಯಿತು. ಎರಡು ಸಲ ಉತ್ತರ ಬರೆದು ಹರಿದುಹಾಕಿದೆ. ಬೇಜಾರು ಮಾಡಿಕೊಳ್ಳಬೇಡ.

ಭಾವ ಹೋಗಿ ಐದು ತಿಂಗಳಾಯಿತು, ಇನ್ನು ಮಗಳಾದರೂ ದುಡಿಯಲಿ, ನಿಮ್ಮ ಲ್ಯಾಬಿಗೇ ಸೇರಿಸಿಕೋ ಎಂದಿದ್ದೀಯ. "ನಿನ್ನ ಭಾವನ ರಿಪೋರ್ಟನ್ನ ಅರ್ಧ ಗಂಟೇಲಿ ಕೊಟ್ಟೆಯಲ್ಲ, ನಿನ್ನ ಕೈಕೆಳಗೆ ಕಲಿತರೆ ನನಗೆ ನೆಮ್ಮದಿ" ಎಂದೂ ಬರೆದಿದ್ದೀಯ. ಅಕ್ಕಾ, ಬೇಡ. ಅವಳು ಬೇರೆಲ್ಲಿಗಾದರೂ ಹೋಗಲಿ, ಇಲ್ಲಿಗೆ ಮಾತ್ರ ಬೇಡ. ಕಾರಣ ಹೇಳುತ್ತೇನೆ. ಊಟವಾಗಿದ್ದರೆ ಮಾತ್ರ ಮುಂದೆ ಓದು.

ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ಮೇಲೆ ಜನರ ರಕ್ತ, ಕೆಳಗೆ ಯಜಮಾನರ ಬ್ರೆಡ್ಡು, ಬೆಣ್ಣೆ. ಹೋದ ವಾರ ಒಂದು ಟ್ಯೂಬು ಒಡೆದು ಬೆಣ್ಣೆ ಡಬ್ಬಿಯ ಮೇಲೆ ಸುರಿಯಿತು. ಒರೆಸಿಕೊಂಡು ತಿಂದರು! ನಾನು ಬಚ್ಚಲಿಗೆ ಓಡಿದೆ.

ಅದು ಅವರ ಹೊಟ್ಟೆಯ ಪಾಡು, ಬಿಡು. ಟೈಫಾಯಿಡ್ ಪರೀಕ್ಷೆಯ ಕಥೆ ಕೇಳು. ಗಾಜಿನ ಮೇಲೆ ರೋಗಿಯ ರಕ್ತದ ತಿಳಿ ಒಂದು ತೊಟ್ಟು, ಬಾಟಲಿಯ ನೀಲಿ ದ್ರವ ಒಂದು ತೊಟ್ಟು. ಕಡ್ಡಿಯಲ್ಲಿ ಕಲಸಿ, ಗಾಜನ್ನು ಮೆಲ್ಲಗೆ ತೂಗಿ, ಒಂದೇ ನಿಮಿಷಕ್ಕೆ ನೋಡಬೇಕು. ಒಡೆದ ಹಾಲಿನಂತೆ ತರಿತರಿಯಾದರೆ ಟೈಫಾಯಿಡ್ ಇರಬಹುದು. ನುಣುಪಾಗಿಯೇ ಇದ್ದರೆ ಬೇರೆ ಕಾರಣ ಹುಡುಕಬೇಕು. ನಿಮಿಷ ಮೀರಿತೋ, ತೊಟ್ಟು ಒಣಗುತ್ತಾ ಅಂಚಿನಲ್ಲಿ ತಾನಾಗಿಯೇ ತರಿ ಕಟ್ಟುತ್ತದೆ. ಅದು ರೋಗವಲ್ಲ, ಫ್ಯಾನಿನ ಗಾಳಿ.

ಯಜಮಾನರಿಗೆ ನಾವಿಟ್ಟ ಹೆಸರು ಬೇಗಪ್ಪ. "ಒಂದೊಂದೇ ಯಾಕಮ್ಮ, ಎಂಟೂ ಒಟ್ಟಿಗೆ ಹಾಕು, ಬೇಗ ಬೇಗ" ಎನ್ನುತ್ತಾರೆ. ಎಂಟಕ್ಕೂ ಒಂದೇ ಕಡ್ಡಿ, ನಡುನಡುವೆ ಕೋಟಿಗೆ ಒರೆಸಿಕೊಂಡು. ಒಬ್ಬರ ರಕ್ತ ಇನ್ನೊಬ್ಬರದಕ್ಕೆ! ಆಮೇಲೆ ಟೀ ಕುಡಿದು ಬಂದು ನೋಡಿದರೆ ಎಂಟೂ ಜನಕ್ಕೆ ಟೈಫಾಯಿಡ್. ಕೇಳಿದ್ದಕ್ಕೆ, "ಏನೂ ಇಲ್ಲ ಅಂತ ಬರೆದ್ರೆ ಡಾಕ್ಟ್ರು ಬೇರೆ ಲ್ಯಾಬಿಗೆ ಕಳಿಸ್ತಾರೆ. ಕಾಯಿಲೆಗೊಂದು ಹೆಸರು ಸಿಕ್ಕಿದ್ರೆ ಜನಕ್ಕೂ ಸಮಾಧಾನ" ಎಂದರು. ನಿಜ, ರೋಗಿಗಳು ಆ ಚೀಟಿ ಹಿಡಿದು ನಮಗೆ ಕೈಮುಗಿಯುತ್ತಾರೆ. ಅದನ್ನು ನೋಡಿದರೆ ಬೆಣ್ಣೆ ಡಬ್ಬಿಗಿಂತ ಹೆಚ್ಚು ಅಸಹ್ಯವಾಗುತ್ತದೆ.

ನಾನೇನು ಸಾಚಾ ಅಂದುಕೊಳ್ಳಬೇಡ. ಹದಿನೇಳು ವರ್ಷ ತಲೆಯಾಡಿಸಿ ಸಹಿ ಹಾಕಿದ್ದೇನೆ. ನಿನ್ನೆ ಕೆಲಸ ಬಿಟ್ಟೆ. ಬೇಗಪ್ಪನಿಗೆ ಬೇಸರವೇ ಆಗಲಿಲ್ಲ. "ನಿಮ್ಮಕ್ಕನ ಮಗಳು ಇದ್ದಾಳಂತಲ್ಲ, ಅವಳನ್ನೇ ಕಳಿಸು. ಹೊಸಬರು ಹೇಳಿದ ಮಾತು ಕೇಳ್ತಾರೆ" ಎಂದರು. ನಿನಗೆ ಫೋನ್ ಮಾಡಿದರೂ ಮಾಡಬಹುದು. ಹೂಂ ಅಂದುಬಿಟ್ಟೀಯ, ಜೋಕೆ! ಆ ಹುಡುಗಿಯ ಕೈ ಇನ್ನೂ ಚೊಕ್ಕವಾಗಿದೆ.

ಅವಳಿಗೆ ಈ ಚಿಕ್ಕಮ್ಮನ ಆಶೀರ್ವಾದ. ಒಳ್ಳೆಯ ಕಡೆ ಕಲಿತು ನಿನ್ನನ್ನು ಸುಖವಾಗಿ ನೋಡಿಕೊಳ್ಳಲಿ. ಹೊತ್ತುಹೊತ್ತಿಗೆ ಉಣ್ಣು, ಅಕ್ಕ.

ಇಂತು ನಿನ್ನ
ತಂಗಿ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಭಾವನ ಪರೀಕ್ಷೆ ಮಾಡಿದ್ದು ನಾನು. ಅವರದೊಂದೇ ಗಾಜು, ಹೊಸ ಕಡ್ಡಿ. ಒಂದು ನಿಮಿಷಕ್ಕೆ ನೋಡಿದೆ, ನುಣುಪಾಗಿತ್ತು. ಹತ್ತು ದಿನದ ಜ್ವರ, ನೀನು ಹೊರಗೆ ಬೆಂಚಿನ ಮೇಲೆ ಅಳುತ್ತಾ ಕೂತಿದ್ದೆ, ಏನೂ ಗೊತ್ತಾಗಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೂ ತೂಗಿದೆ. ಐದನೇ ನಿಮಿಷಕ್ಕೆ ಅಂಚಿನಲ್ಲಿ ತರಿ ಕಂಡಿತು. "ಟೈಫಾಯಿಡ್ ಅಷ್ಟೇ ಅಕ್ಕ, ಮಾತ್ರೇಲಿ ಹೋಗುತ್ತೆ" ಅಂದೆ. ನೀನು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಸೋಂಕು ಹೃದಯದ ಕವಾಟದಲ್ಲಿತ್ತು ಎಂದು ದೊಡ್ಡಾಸ್ಪತ್ರೆಯವರು ಹೇಳುವ ಹೊತ್ತಿಗೆ ಭಾವ ಇಪ್ಪತ್ತು ದಿನ ಆ ಮಾತ್ರೆ ನುಂಗಿದ್ದರು. ಬೇಗಪ್ಪ ಆ ದಿನ ಲ್ಯಾಬಿಗೆ ಬಂದೇ ಇರಲಿಲ್ಲ.