ಬಾಗಿಲಲ್ಲಿ ಹೇಳದ ಮಾತು

ವಜ್ರಳ್ಳಿ

ಭಾರತಿ ಅತ್ತೆಗೆ ನಮಸ್ಕಾರ,

ನಿಮ್ಮ ಮಗಳು ಮೇದಿನಿ ಅಕ್ಕನ ಹನ್ನೆರಡನೇ ದಿನದ ಕಾರ್ಯಕ್ಕೆ ಸಿದ್ದಾಪುರದ ನಿಮ್ಮನೆಗೆ ಅಮ್ಮನ ಜೊತೆ ಬಂದಿದ್ದ ಕನ್ನಡಕದ ಹುಡುಗಿ ನಾನು. ನಮಗೆ ನೆಂಟಸ್ತನ ಏನಿಲ್ಲ. ಅಕ್ಕ ಎಂ.ಡಿಸೈನ್ ಓದುವಾಗ ನಮ್ಮ ಮನೆಮಾತಲ್ಲೇ ವಾಟ್ಸಾಪ್ ಸ್ಟಿಕರ್ ಬಿಡಿಸಿದ್ಲಲ್ಲ, ನಾನು ಅದರ ಫ್ಯಾನ್. ನಮ್ಮನೆ ಗ್ರೂಪಲ್ಲಿ ಮಾತಿಗಿಂತ ಆ ಸ್ಟಿಕರ್‌ಗಳೇ ಜಾಸ್ತಿ.

ಅವತ್ತು ನೀವು ಸೆರಗು ಸಿಕ್ಕಿಸಿಕೊಂಡು, ನೀರಿನ ಚೊಂಬು ಹಿಡಿದು ಬಂದು, "ಆಸರಿಗೆ ಎಂತ ಬೇಕೇ ತಂಗಿ?" ಅಂದ್ರಿ. ನಾನು ದಿನಾ ಎಲ್ಲರಿಗೂ ಕಳಿಸೋ, ಕುಡಿಯೋಕೆ ಏನು ಬೇಕು ಅಂತ ಕೇಳೋ ಸ್ಟಿಕರ್‌ನ ಹೆಂಗಸು ನೀವೇ ಅಂತ ಆಗ ಗೊತ್ತಾಯ್ತು. ಅಳು ಬಂದುಬಿಡ್ತು, ಅದಕ್ಕೇ ನೀರು ಮುಟ್ಟದೆ ಎದ್ದುಹೋದೆ. ಅಕ್ಕ ಆ ಸ್ಟಿಕರ್ ನಿಮಗೆ ತೋರಿಸಿದ್ಲೋ ಇಲ್ವೋ. ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದೀನಿ.

ನನಗೂ ಅದೇ ಕೋರ್ಸಿಗೆ ಸೀಟು ಸಿಕ್ಕಿದೆ. ಮೊದಲ ದಿನ ಇಷ್ಟದ ಒಂದು ಚಿತ್ರ ತರಬೇಕಂತೆ. ಇದನ್ನೇ ಒಯ್ಯಲಾ? ನೀವು ಬೇಡ ಅಂದ್ರೆ ಖಂಡಿತ ಒಯ್ಯಲ್ಲ.

ಒಂದ್ಸಲ ಅಕ್ಕನಿಗೆ ಮೆಸೇಜ್ ಮಾಡಿ, ಹೊರಡುವಾಗ ಹೇಳೋಕೆ 'ಹೋಗ್ತೆ' ಅನ್ನೋ ಸ್ಟಿಕರ್ ಮಾಡಿಕೊಡು ಅಂದಿದ್ದೆ. "ಹೋಗ್ತೆ ಹೇಳಲಾಗ ಮಾರಾಯ್ತಿ, ಬರ್ತೆ ಹೇಳವು" ಅಂತ ನನ್ನ ತಿದ್ದಿ, ಮಾರನೇ ದಿನ 'ಬರ್ತೆ' ಬಿಡಿಸಿ ಕಳಿಸಿದ್ಲು. ಅವಳು ಬಿಡಿಸಿದ್ದರಲ್ಲಿ ಅದೇ ಕೊನೇದು.

ಸಾವಾದ ಮನೆಯಿಂದ ಹೊರಡುವಾಗ ಆ 'ಬರ್ತೆ' ಅನ್ನೋ ಮಾತು ಹೇಳಬಾರದು ಅಂತ ಅಮ್ಮ ಅವತ್ತು ನನ್ನ ಕೈ ಎಳ್ಕೊಂಡು ಬಂದ್ಲು. ನಿಮಗೆ ಏನೂ ಹೇಳದೆ ಬಂದುಬಿಟ್ಟೆ.

ವರ್ಷಾಂತಿಕ ಮುಗಿದ ಮೇಲೆ ಒಂದ್ಸಲ ಬರಲಾ ಅತ್ತೆ? ನೀವು ಕೊಟ್ಟ ನೀರು ಕುಡಿದು, ಬಾಗಿಲಲ್ಲಿ ನಿಂತು ಹೇಳಿಯೇ ಹೊರಡ್ತೀನಿ. ಅಲ್ಲೀತನಕ ಕಾಗದದ ಕೊನೆಯಲ್ಲೂ ಅದನ್ನ ಬರೆಯಲ್ಲ.

ನಿಮ್ಮ
ಸಿಂಚನಾ